ಬಾಲ ನೋಡಿ ಬೀಗತನ

1979ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಹುಮನಾಬಾದಿನ ದನದ ಹಿಂಡಿ ಅಂಗಡಿಯಲ್ಲಿ ಮೂಟೆ ಹೊತ್ತೆ. ಮುಂದೆ ಅಂಥದ್ದೇ ಅಂಗಡಿ ಹಾಕಿದೆ. ಯಾರ ಶಿಫಾರಸೂ ಇರಲಿಲ್ಲ. ಆಮೇಲೆ ಆಡು ಕೊಂಡು ಮುಡಬಿಯ ಮಹಬೂಬನಿಗೆ ಪಾಲಿಗೆ ಕೊಟ್ಟೆ. ಮೇಯಿಸುವುದು ಅವನು, ಹುಟ್ಟಿದ ಮರಿಗಳಲ್ಲಿ ಅರ್ಧ ನನಗೆ, ಅರ್ಧ ಅವನಿಗೆ.

ಪಾಲಿನ ಆಡು ಸತ್ತರೆ ಕಿವಿ ಕೊಯ್ದು ತಂದು ತೋರಿಸಬೇಕು. ಕಿವಿ ತರದಿದ್ದರೆ ಆಡು ಮಾರಿಕೊಂಡ ಎಂದೇ ಅರ್ಥ. (ಬ್ಯಾಂಕಿನವರು ಕೇಳುವ ಸರ್ಟಿಫಿಕೇಟಿಗಿಂತ ಇದು ವಾಸಿ. ಝೆರಾಕ್ಸ್ ಮಾಡಲು ಬರುವುದಿಲ್ಲ.)

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ಮಹಬೂಬ ವಾರಕ್ಕೊಂದು ಕಿವಿ ತರತೊಡಗಿದ. ಮೂರನೆಯದಕ್ಕೆ ಕೇಳಿಯೇಬಿಟ್ಟೆ.

"ಕಿವಿ ಕೊಯ್ದು ಆಡು ಮಾರಿದ್ರ ನನಗ ಹ್ಯಾಂಗ ಗೊತ್ತಾಗಬೇಕು?"

ಕೇಳಿದ್ದರಲ್ಲಿ ತಪ್ಪೇನು? ವ್ಯವಹಾರ ವ್ಯವಹಾರವೇ.

ಅವನು ಕಿವಿಯನ್ನು ಅಲ್ಲೇ ಇಟ್ಟು ಹೋದ. ಮುಂದಿನ ವಾರ ಟಂಟಂ ಆಟೋದಲ್ಲಿ ಇಡೀ ಸತ್ತ ಆಡನ್ನೇ ತಂದು ಗಿರಾಕಿಗಳ ಮುಂದೆ ಇಳಿಸಿದ.

"ಕಿವಿ ಆಡಿಗೇ ಅದ, ನೋಡ್ಕೋರಿ ಸಾವಕಾರ್ರ. ಉಳಿದ ಆಡು ಹಂಚ್ಕೊಂಡುಬಿಡೂಣು. ಕಳ್ಳ ಅನ್ನಿಸ್ಕೊಂಡು ನಾ ಮೇಸಂಗಿಲ್ಲ."

"ಮೊದಲ ಯಾಕ ಸತ್ತದ ನೋಡೂಣು, ನಡಿ" ಎಂದೆ.

ದನದ ದವಾಖಾನೆಗೆ ಒಯ್ದೆವು. ಅಲ್ಲಿ ಹುಳಗಳ ವಂಶದ ಮೇಲೆ ಸಂಶೋಧನೆ ಮಾಡುವ ಒಬ್ಬ ಮೇಡಂ ಬಂದಿದ್ದರು. (ಇದಕ್ಕೂ ಡಿಗ್ರಿ ಇದೆಯಂತೆ.) ಹೊಟ್ಟೆ ಕೊಯ್ದರು. ಒಳಗೆ ಕೆಂಪು ಬಿಳಿ ಹೊಸೆದ ದಾರದಂಥ ಹುಳಗಳು, ರಾಶಿ ರಾಶಿ.

"ಔಷಧ ಕುಡಿಸಿದ್ದಿಲ್ಲೇನು?"

"ಕುಡಿಸೀನ್ರಿ ಮೇಡಂ. ನಮ್ಮ ಹುಡುಗ್ರಿಗೆ ಜಂತುಹುಳಕ್ಕ ಕೊಡ್ತೀವಲ್ರಿ, ಸಿಹಿ ಔಷಧ, ಅದೇ. ಹುಡುಗ್ರಿಗೆ ಹುಳ ಛಲೋ ಬಿದ್ದಿದ್ವು."

"ಎರಡೂ ದುಂಡನ ಹುಳಾನೇ, ಆದ್ರ ಮನೆತನ ಬ್ಯಾರೆ. ಇದರ ಗಂಡಿಗೆ ಬಾಲದಾಗ ಛತ್ರಿ ಬಿಚ್ಚಿದಂಗ ಇರ್ತದ. ಮನುಷ್ಯರ ರಕ್ತ ಹೀರೋ ಕೊಕ್ಕೆಹುಳಕ್ಕೂ ಹಂಗೇ. ಜೀನ್ ಹೋಲಿಸಿ ನೋಡಿದ್ರೂ ಇವೆರಡೇ ಹತ್ತಿರದ ಬಳಗ. ಜಂತುಹುಳ ದೂರದ್ದು. ಅದರ ಔಷಧ ಇದಕ್ಕ ನಾಟಂಗಿಲ್ಲ."

ಮಹಬೂಬ ಯೋಚಿಸಿದ. "ಅಂದ್ರ ಮಾರಿ ಮೂತಿ ನೋಡಿ ಬೀಗತನ ಮಾಡಬಾರ್ದು."

"ಬಾಲ ನೋಡ್ರಿ" ಎಂದರು ಮೇಡಂ, ನಗದೆ.

ನಾವೇನು ಮಾಡುತ್ತೇವೆ? ಮೂಗು ನೋಡಿ ಇಂಥವರ ಮಗ ಎನ್ನುತ್ತೇವೆ, ನಡಿಗೆ ನೋಡಿ ಇಂಥ ಊರಿನವ ಎನ್ನುತ್ತೇವೆ. ಉದ್ದಗೆ, ದುಂಡಗೆ ಇದ್ದದ್ದೆಲ್ಲ ಜಂತುಹುಳ. ಮಹಬೂಬ ಮಾಡಿದ್ದೂ ಅದೇ. ನಮ್ಮ ಓಣಿಯಲ್ಲಿ ಯಾರಾದರೂ ಬೇರೆ ಮಾಡುತ್ತಿದ್ದರೇ?

ಮರುದಿನ ಸರಿಯಾದ ಔಷಧ ಹಿಡಿದು ನಾನೇ ಮುಡಬಿಗೆ ಹೋದೆ. ಮಹಬೂಬ ಹಿಂಡನ್ನು ಆಗಲೇ ಎರಡು ಭಾಗ ಮಾಡಿ ಕಟ್ಟಿದ್ದ.

"ಯಾವ ಕಡೀವು ಬೇಕು, ಆರಿಸ್ಕೋರಿ."

ಅಂಗಿಯ ತೋಳು ಮಡಚಿದೆ. "ಮೊದಲ ಬಾಯಿ ಹಿಡಿ. ಔಷಧ ಚೆಲ್ತದ."

ಹಿಡಿದ. ಒಂದಾದ ಮೇಲೊಂದು ಕುಡಿಸಿದೆವು. ಅರ್ಧ ಮುಗಿಯುವ ಹೊತ್ತಿಗೆ ಎರಡೂ ಗುಂಪು ಕಲೆತುಹೋಗಿದ್ದವು. ಬೇರೆ ಮಾಡು ಎಂದು ನಾನು ಹೇಳಲಿಲ್ಲ, ಅವನೂ ಮಾಡಲಿಲ್ಲ.

ಈಗ ನನ್ನದು ಒಂದು ಅಂಗಡಿ, ಹದಿನಾರು ಆಡು. ಮಹಬೂಬನವೂ ಹದಿನಾರು.