ಗಿಟಾರಿಗೆ ಮುಡಿಸಿದ ಸೇವಂತಿಗೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದನ್ನೆಲ್ಲ ಮಸ್ಕತ್ತಿನ ಹಮ್ರಿಯಾದಲ್ಲಿ ಏಸಿ ರಿಪೇರಿ ಮಾಡುತ್ತ ಕಲಿತೆ. ಈಗ ನಾನೂ ನನ್ನ ಹೆಂಡತಿಯೂ ಅದೇ ಮಸ್ಕತ್ತಿನ ಬೌಷರ್‌ನಲ್ಲಿ ಮಗನ ಮನೆಯಲ್ಲಿದ್ದೇವೆ. ಇಷ್ಟು ಬರೆಯಲಿಕ್ಕೇ ಬೆವರು ಬಂತು. ಆದರೆ ಸಂತೋಷವನ್ನು ಒಳಗೇ ಇಟ್ಟುಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ.

ಮೊಮ್ಮಗಳಿಗೆ ಹದಿನಾರು. ಮೂವರು ಗೆಳತಿಯರ ಜೊತೆ ಸೇರಿ ಬ್ಯಾಂಡ್ ಕಟ್ಟಿದ್ದಾಳೆ. ಇವಳದು ನಾಲ್ಕೇ ತಂತಿಯ, ದಪ್ಪ ದನಿಯ ಬೇಸ್ ಗಿಟಾರು. ಮೊದಲ ಸಲ ಕೇಳಿದಾಗ ಹಳೆಯ ಕಂಪ್ರೆಸರ್ ಚಾಲೂ ಆದ ಹಾಗಿತ್ತು. ಹಾಡುವ ಹುಡುಗಿಯಂತೂ ಹಾಡುವುದೇ ಇಲ್ಲ, ಯಾರ ಮೇಲೋ ಸಿಟ್ಟಾದವಳಂತೆ ಮಾತಾಡುತ್ತಾಳೆ.

"ಇದೆಂತ ಸಂಗೀತ ಮಾರಾಯ್ತಿ?" ಎಂದು ಕೇಳಿದೆ.

"ಪೋಸ್ಟ್ ಪಂಕ್, ಅಜ್ಜ. ಪಪ್ಪನಿಗಿಂತ ಓಲ್ಡ್. ಇಂಗ್ಲೆಂಡಿನಲ್ಲಿ ಸ್ಟಾರ್ಟ್ ಆದದ್ದು. ತುಂಬ ಜನರಿಗೆ ಬಾರಿಸ್ಲಿಕ್ಕೇ ಬರ್ತಿರ್ಲಿಲ್ಲ. ದೆ ಜಸ್ಟ್ ಸ್ಟಾರ್ಟೆಡ್."

ಕಲಿಯುವ ಮೊದಲೇ ಶುರು ಮಾಡಿದವರು. ನಾನೂ ಮೊದಲ ಏಸಿ ಬಿಚ್ಚಿದ್ದು ಹಾಗೆಯೇ. ಅಂದಿನಿಂದ ಆ ಹಳೆಯ ಬ್ಯಾಂಡುಗಳವರು ನನಗೆ ನಮ್ಮವರಾದರು. ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ತನ್ನ ಕಿವಿಗೆ ಸಿಕ್ಕಿಸಿ ಅವಳು ಒಂದೊಂದೇ ಕೇಳಿಸಿದಳು. ಬೇರೆ ಹಾಡುಗಳಲ್ಲಿ ಬೇಸ್ ಎಂದರೆ ತಾರಸಿಯ ಮೇಲಿನ ಕಂಪ್ರೆಸರ್ ಇದ್ದಂತೆ, ಇದೆಯೆಂದೇ ಗೊತ್ತಾಗುವುದಿಲ್ಲ. ಇವರು ಅದನ್ನು ಚಾವಡಿಯ ನಡುವೆ ತಂದು ಕೂರಿಸಿದ್ದರು. ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅರ್ಧ ಗಂಟೆ ನನಗಾಗಿ ಕನ್ನಡ ಹುಡುಕಿ ಹುಡುಕಿ ಮಾತಾಡಿದಳು. ಅದಕ್ಕೇ ನನ್ನ ಕಣ್ಣು ತುಂಬಿತ್ತು.

ಅವರ ಮೊದಲ ಕಾರ್ಯಕ್ರಮ ಶಾಲೆಯ ಹಾಲ್‌ನಲ್ಲಿ, ಆಯುಧಪೂಜೆಯ ಸಂಜೆಗೇ ಬಿತ್ತು. ವರ್ಕ್‌ಶಾಪಿನಲ್ಲಿದ್ದಾಗ ಪ್ರತಿವರ್ಷ ನಟ್ಟು ಬಿಚ್ಚುವ ಪಾನಾ, ಗ್ಯಾಸ್ ಸಿಲಿಂಡರ್, ವ್ಯಾನು ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿ, ಎಲ್ಲೆಲ್ಲಿ ತೂತಿದೆಯೋ ಅಲ್ಲಿ ಹೂ ಸಿಕ್ಕಿಸುತ್ತಿದ್ದೆವು. ಆ ಬೆಳಿಗ್ಗೆ ನಾನು ಅವಳ ಗಿಟಾರಿಗೂ ಕುಂಕುಮವಿಟ್ಟೆ. ಬದಿಯಲ್ಲಿ ಒಂದು ತೂತು ಕಂಡಿತು. ಸೇವಂತಿಗೆ ಸಿಕ್ಕಿಸಿದೆ. ಆಮೇಲೆ ಮೊಮ್ಮಗಳು ಹೂವನ್ನು ಕಿತ್ತು ಕಣ್ಣಿಗೊತ್ತಿಕೊಂಡು ಹೊರಟಳು.

ವೇದಿಕೆಯಲ್ಲಿ ಸ್ಪೀಕರಿನ ವಯರು ಗಿಟಾರಿನೊಳಗೆ ಹೋಗಲಿಲ್ಲ. ಅವಳು ಮತ್ತೆ ಮತ್ತೆ ಒತ್ತಿದಳು. ಟೀಚರು ಗಡಿಯಾರ ನೋಡಿ, ಐದು ನಿಮಿಷದಲ್ಲಿ ಆಗದಿದ್ದರೆ ನಿಮ್ಮ ಸರದಿ ರದ್ದು ಎಂದರು. ಬೇಸ್ ಇಲ್ಲದೆ ಅವರ ಹಾಡೇ ಇಲ್ಲ. ಮೂರು ತಿಂಗಳ ಅಭ್ಯಾಸ. ಮಗುವಿನ ತುಟಿ ನಡುಗುವುದು ನನಗೆ ಕೆಳಗಿನಿಂದಲೇ ಕಂಡಿತು. ಬೆಳಿಗ್ಗೆ ನಾನು ಹೂ ಸಿಕ್ಕಿಸಿದ್ದು ವಯರಿನ ತೂತಿಗೇ, ಹೂವಿನ ತೊಟ್ಟು ಅದರೊಳಗೇ ಮುರಿದಿದೆ ಎಂದು ಆಗ ಹೊಳೆಯಿತು.

ಹೆಂಡತಿಗೆ ಹೇಳಿದೆ.

"ನಿಮ್ಮ ಪೂಜೆ ಆಯ್ತು, ಅವಳ ಪ್ರೋಗ್ರಾಮು ಖಲಾಸ್," ಎಂದಳು. "ನಿಮ್ಮ ಕೈಗೆ ಸುಮ್ಮನಿರ್ಲಿಕ್ಕೆ ಯಾರೂ ಕಲಿಸ್ಲಿಲ್ಲ." ಬೈಯುತ್ತಲೇ ಸೀರೆಯ ನೆರಿಗೆಯಿಂದ ಪಿನ್ನು ಬಿಚ್ಚಿ ಕೊಟ್ಟಳು.

ವೇದಿಕೆ ಹತ್ತಿದೆ. "ತಪ್ಪು ನನ್ನದು ಪುಟ್ಟ, ಬೆಳಕು ಹಿಡಿ," ಎಂದೆ. ಅವಳು ಮೊಬೈಲಿನ ಬೆಳಕು ಹಿಡಿದಳು. ಪಿನ್ನನ್ನು ತೂತಿಗೆ ಹಾಕಿ ಮೆಲ್ಲಗೆ ಕೆದಕಿದೆ. ಮೊದಲು ಅರ್ಧ ತೊಟ್ಟು ಬಂತು, ಆಮೇಲೆ ಉಳಿದರ್ಧ. ವಯರು ಕೂತದ್ದೇ ಸ್ಪೀಕರಿನ ದೊಡ್ಡ ಪೆಟ್ಟಿಗೆ ಧುಮ್ ಎಂದಿತು.

"ಯಲ್ಲಾ ಅಜ್ಜ, ಬೇಗ ಇಳೀರಿ. ಇನ್ನು ನಮ್ಮ ಟರ್ನ್," ಎಂದು ಮೊಮ್ಮಗಳು ಅರಬ್ಬಿ ಬೆರೆಸಿ ನಕ್ಕಳು.

ನಾಲ್ಕು ಹಾಡು. ನೆಲ ಅದುರಿ ನನ್ನ ಪಾದಕ್ಕೆ ತಾಗುತ್ತಿತ್ತು. ಗಿಟಾರಿನ ಮೇಲಿನ ಕುಂಕುಮವನ್ನು ಅವಳು ಒರೆಸಿರಲಿಲ್ಲ. ಕಲಿಯದೆಯೇ ಶುರು ಮಾಡಿದ ಆ ದೂರದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಪಿನ್ನು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಹೆಂಡತಿ ಕೊನೆಯವರೆಗೂ ಎರಡು ಕೈಯಲ್ಲಿ ನೆರಿಗೆ ಹಿಡಿದೇ ಕೂತಿದ್ದಳು. ಹಾಗಾಗಿ ಅವಳ ಪಾಲಿನ ಚಪ್ಪಾಳೆಯನ್ನೂ ನಾನೇ ತಟ್ಟಿದೆ.