ಚೀಟಿಯಲ್ಲಿ ಬರೆದ ಬ್ರೆಡ್ಡು

ಕುವೈತಿನ ಜಾಬ್ರಿಯಾದ ಔಷಧಿ ಅಂಗಡಿಯವನು ಡಾಕ್ಟರ ಚೀಟಿ ನೋಡಿ ಒಳಗೆ ಹೋದ. ಹಿಂದಿರುಗಿದಾಗ ಅವನ ಕೈಯಲ್ಲಿ ಮಾತ್ರೆಯೂ ಇರಲಿಲ್ಲ, ಸಿರಪ್ಪೂ ಇರಲಿಲ್ಲ. ಒಂದು ಬ್ರೆಡ್ಡು, ಒಂದು ಪೊಟ್ಟಣ ಹಿಟ್ಟು. ಬೇರೆ ಯಾರದೋ ಸಾಮಾನು ಇರಬೇಕೆಂದು "ಭಾಯಿ, ಇದು ನಮ್ಮದಲ್ಲ" ಅಂದೆ. ಅವನು ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದ. ಮೇಲೆ ನನ್ನ ಮಗಳ ಹೆಸರು, ಕೆಳಗೆ ಡಾಕ್ಟರ ಸಹಿ, ಮೊಹರು; ನಡುವೆ ಬ್ರೆಡ್ಡು. ಊರಿನಲ್ಲಿ ಜ್ವರ ಬಂದವರಿಗೆ ನಾವೂ ಬ್ರೆಡ್ಡು ತರುತ್ತಿದ್ದೆವು. ಆದರೆ ಬೇಕರಿಯಿಂದ.

ಮಗಳು ಶ್ರಾವ್ಯಳಿಗೆ ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಅಂಶ ಹೊಟ್ಟೆಗೆ ಹೋದರೆ ಕರುಳು ಒಳಗೊಳಗೇ ಕೆಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ಮಾತ್ರೆಯಿಲ್ಲ, ಗೋಧಿ ಬಿಡಬೇಕು, ಜೀವಮಾನವಿಡೀ. ಇದನ್ನು ಕೇಳಿ ನಾನು ಡಾಕ್ಟರ ಮುಂದೆಯೇ ನಕ್ಕುಬಿಟ್ಟೆ. "ಮೇಡಂ, ನಾವು ತುಳುನಾಡಿನವರು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಅಕ್ಕಿಯೇ. ಗೋಧಿ ತಿನ್ನುವುದು ಸಕ್ಕರೆ ಕಾಯಿಲೆಯವರು ಮಾತ್ರ."

ಹೈದರಾಬಾದಿನ ಆ ಡಾಕ್ಟರಮ್ಮ ನಗಲಿಲ್ಲ. ಹಿಂದಿಯಲ್ಲಿ ಕೇಳಿದರು: "ಮತ್ತೆ ಶಾಲೆಗೆ ಏನು ಕಟ್ಟಿ ಕಳಿಸುತ್ತೀರಿ?"

ಕಟ್ಟುವುದು ದೋಸೆ, ಅವಳು ತಿನ್ನುವುದು ಗೆಳತಿಯರ ಖುಬ್ಬುಸ್ ಎಂದು ಒಪ್ಪಿಕೊಂಡೆ. ಕುವೈತಿನಲ್ಲಿ ಹುಟ್ಟಿದ ಹುಡುಗಿ. ಇಲ್ಲಿ ಖುಬ್ಬುಸ್ ಎಂದರೆ ನಮ್ಮಲ್ಲಿ ಅನ್ನ ಇದ್ದ ಹಾಗೆ. ತಟ್ಟೆಯಗಲದ ಗೋಧಿ ರೊಟ್ಟಿ. ಬೆಳಿಗ್ಗೆ ಅಂಗಡಿಯ ಮುಂದೆ ಅದರ ಬಿಸಿ ಪರಿಮಳಕ್ಕೇ ಜನ ನಿಂತಿರುತ್ತಾರೆ. ಮಗಳಿಗೆ ಅದೇ ಪ್ರೀತಿ. ಡಬ್ಬಿಯಲ್ಲಿ ತಣಿದು ಅಂಟಿಕೊಂಡ ನೀರುದೋಸೆಯನ್ನು ಗೆಳತಿಯರ ಮುಂದೆ ಬಿಚ್ಚಲು ಅವಳಿಗೆ ನಾಚಿಕೆ. "ಅವಳು ಬೇರೆಯವರ ಡಬ್ಬಿಗೆ ಕೈ ಹಾಕಬಾರದು ಅಂದರೆ ಅವಳ ಡಬ್ಬಿಯಲ್ಲೂ ಬ್ರೆಡ್ಡು ಇರಬೇಕು, ಗೋಧಿಯಿಲ್ಲದ್ದು" ಎಂದು ಡಾಕ್ಟರು ಚೀಟಿ ಬರೆದರು. ಚೀಟಿಯಲ್ಲಿರುವುದು ಮಾತ್ರ ಮದ್ದೆಂದೇ ನಾನು ತಿಳಿದಿದ್ದೆ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು. ಇಲ್ಲಿ ರಾಯ್ ಎಂಬಲ್ಲಿ ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಕಂಪನಿಗೆ ಬಂದು, ಯಾರ ಕಾಲೂ ಹಿಡಿಯದೆ ಫೋರ್‌ಮನ್ ಆದೆ. ಕುಟುಂಬವನ್ನು ಕರೆಸಿಕೊಳ್ಳುವ ವೀಸಾ ಸಿಗುವವರೆಗೆ ಮೇಲೊಬ್ಬ ಕೆಳಗೊಬ್ಬ ಮಲಗುವ ಮಂಚದಲ್ಲಿ ವರ್ಷಗಟ್ಟಲೆ ಕಳೆದೆ. ಆ ಮಂಚಕ್ಕೆ ಮತ್ತೆ ಹೋಗುವುದಿಲ್ಲ ಎಂದು ನಿರ್ಧರಿಸಿದ್ದೆ. ಆದರೆ ಈ ಬ್ರೆಡ್ಡು ನನ್ನ ಸಂಬಳಕ್ಕೆ ನಿಲುಕುವಂಥದ್ದಲ್ಲ. ಡಾಕ್ಟರ ಚೀಟಿಯ ಮದ್ದಿಗೆ ಕಂಪನಿ ಹಣ ಕೊಡುತ್ತದೆ. ಬ್ರೆಡ್ಡನ್ನೂ ಮದ್ದೆಂದು ಒಪ್ಪಿದರೆ ಮಗಳು ಇಲ್ಲಿ ಉಳಿಯುತ್ತಾಳೆ. ಇಲ್ಲವಾದರೆ ತಾಯಿ ಮಗಳು ಊರಿಗೆ, ನಾನು ಮಂಚಕ್ಕೆ.

ಆಫೀಸಿನಲ್ಲಿ ಚೀಟಿ ನೋಡುವವನು ನಮ್ಮ ಕಡೆಯವನೇ, ಲಾರೆನ್ಸ್. ನಾನು ಅವನನ್ನು ಪೊರ್ಬುಲೇ ಎಂದು ಕರೆಯುವುದು. ಊರಿನಲ್ಲಿ ಕೊಂಕಣಿ ಕ್ರೈಸ್ತರನ್ನು ನಾವು ಮರ್ಯಾದೆಯಿಂದ ಕರೆಯುವ ಹೆಸರು ಅದು.

"ಎಂತ ಶೇಖರಣ್ಣ, ಇವತ್ತು ಬ್ರೆಡ್ಡು. ನಾಳೆ ಬಂಗುಡೆ ಮೀನು ಬರೆಸಿಕೊಂಡು ಬರ್ತೀರಾ?"

"ಬಂಗುಡೆ ನಾನೇ ತರ್ತೇನೆ ಪೊರ್ಬುಲೇ, ನಿಮಗೂ ಕೊಡ್ತೇನೆ. ಇದಕ್ಕೆ ಸಹಿ ಉಂಟು, ನೋಡಿ."

"ಇದು ತಿಂಡಿ. ತಿಂಡಿಗೆ ಕಂಪನಿ ಕೊಡುದಿಲ್ಲ, ಖಲಾಸ್. ನಿಮ್ಮ ಒಳ್ಳೇದಕ್ಕೇ ಹೇಳುದು ಮಾರಾಯ್ರೆ, ಅವರನ್ನ ಊರಿಗೆ ಕಳಿಸಿ. ಗಂಜಿ, ದೋಸೆ, ಪುಂಡಿ, ಎಲ್ಲ ಅಕ್ಕಿಯದ್ದೇ... ಅಜ್ಜಿ ಕೈಯಡಿಗೆಯಲ್ಲಿ ಮಗು ಉರುಟುರುಟು ಆಗ್ತದೆ."

ನಾನು ಸೀದಾ ಈಜಿಪ್ಟಿನ ಮ್ಯಾನೇಜರನ ಬಾಗಿಲಿಗೆ ಹೋದೆ. ನನ್ನ ಹರಕು ಅರಬ್ಬಿಯಲ್ಲಿ ಕೇಳಿದೆ: "ಇದು ತಿಂಡಿಯಾದರೆ ಔಷಧಿ ಅಂಗಡಿಯಲ್ಲಿ ಯಾಕಿದೆ? ಬೇಕರಿಯಲ್ಲಿ ಇರಬೇಕಿತ್ತಲ್ಲ?" ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. ಮುಂದಿನ ರಕ್ತ ಪರೀಕ್ಷೆಯವರೆಗೆ ಕೊಡೋಣ, ಮಗು ಸುಧಾರಿಸಿದರೆ ಅದು ಮದ್ದು, ಇಲ್ಲವಾದರೆ ತಿಂಡಿ ಎಂದ. ಆಗಲಿ ಎಂದೆ.

ಪರೀಕ್ಷೆ ಬಂತು. ಮಗಳು ಸುಧಾರಿಸಿರಲಿಲ್ಲ.

"ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ" ಎಂದರು ಡಾಕ್ಟರು. ಎಲ್ಲರ ಕಣ್ಣೂ ಮಗಳ ಮೇಲೆ ಬಿತ್ತು. ಹೆಂಡತಿ ವಾರಿಜಾ ಅವಳ ಶಾಲೆಯ ಚೀಲ ಕೊಡವಿ ಖುಬ್ಬುಸಿನ ಚೂರು ಹುಡುಕಿದಳು. ಲಾರೆನ್ಸ್ ಅಂತೂ ತೀರ್ಮಾನವನ್ನೇ ಕೊಟ್ಟ: "ಮಕ್ಕಳು ಕದ್ದು ತಿನ್ನದೆ ಇರ್ತಾರಾ ಶೇಖರಣ್ಣ?" ಇಲ್ಲಿ ಬೆಳೆದ ನಮ್ಮವರ ಮಕ್ಕಳು ಕನ್ನಡ ತುಳು ಕೇಳಿಸಿಕೊಳ್ಳುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶ್ರಾವ್ಯ ನನ್ನ ಅಂಗಿ ಹಿಡಿದು ಅತ್ತಳು. "ಪಪ್ಪಾ, ಐ ಡಿಡಂಟ್ ಈಟ್. ಪ್ರಾಮಿಸ್." ನಾನು ನಂಬಿದೆ. ನನ್ನ ಮಗಳ ಮಾತನ್ನು ನಾನು ನಂಬದಿದ್ದರೆ ಇನ್ಯಾರು ನಂಬುತ್ತಾರೆ?

ಅಡುಗೆಮನೆಯ ಪ್ರತಿ ಡಬ್ಬಿಯ ಮೇಲಿನ ಬರಹ ಓದಿ ಎಂದಿದ್ದರು ಡಾಕ್ಟರು. ನಮ್ಮದು ಗೋಧಿ ಹೊಸ್ತಿಲು ದಾಟದ ಅಡುಗೆಮನೆ ಎಂದು ನಾನು ಎದೆ ಸೆಟೆಸಿದ್ದೆ. ಆದರೂ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕೂತೆವು. ಸಣ್ಣ ಇಂಗ್ಲಿಷ್ ಅಕ್ಷರ ನನಗೆ ನಿಧಾನ; ಮಗಳು ಪಟಪಟ ಓದಿದಳು. ಅರಸಿನ, ಮೆಣಸು, ಸಾಸಿವೆ. ಆಮೇಲೆ ಊರಿನಿಂದ ಬರುವವರ ಕೈಯಲ್ಲಿ ಅಮ್ಮ ತಪ್ಪದೆ ಕಳಿಸುವ ಇಂಗಿನ ಡಬ್ಬಿ. ಅದರ ಮೇಲೆ ಅವಳು ಬೆರಳಿಟ್ಟಳು.

"ಪಪ್ಪಾ, ವೀಟ್ ಫ್ಲೌರ್."

ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸುತ್ತಾರೆಂದು ನಮಗೆ ಯಾರಿಗೆ ಗೊತ್ತಿತ್ತು? ದಿನಾ ಸಾರಿಗೆ ಇಂಗು, ಉಪ್ಪಿನಕಾಯಿಗೆ ಇಂಗು. ಮಗುವಿಗೆ ಹೊಟ್ಟೆನೋವು ಬಂದರೆ ಮಜ್ಜಿಗೆಗೂ ಅದೇ ಇಂಗು! ವಾರಿಜಾ ಮಗಳನ್ನು ಎಳೆದು ಅಪ್ಪಿಕೊಂಡಳು. ಮಗಳು ಮಾತ್ರ ಆ ಡಬ್ಬಿಯನ್ನು ಕೈಯಿಂದ ಬಿಡಲಿಲ್ಲ.

ಮರುದಿನ ಅದನ್ನೇ ಒಯ್ದು ಲಾರೆನ್ಸನ ಮೇಜಿನ ಮೇಲೆ ಇಟ್ಟೆ. "ಪೊರ್ಬುಲೇ, ಊರಿಗೆ ಕಳಿಸಿ ಅಂದ್ರಲ್ಲ. ಓದಿ, ಊರಿಂದ ಎಂತ ಬಂದಿದೆ ಅಂತ. ಅಲ್ಲಿಗೆ ಕಳಿಸಿದ್ರೆ ದಿನಾ ಪ್ರೀತಿಯಿಂದ ಇದನ್ನೇ ತಿನ್ನಿಸ್ತಿದ್ರು. ನನ್ನ ಮಗಳು ಕದಿಯಲಿಲ್ಲ."

ಅವನು ಓದಿದ. ಕನ್ನಡಕ ತೆಗೆದು ಮತ್ತೆ ಓದಿದ. "ಇದು ನಮ್ಮ ಮನೇಲೂ ಉಂಟಲ್ಲ ಮಾರಾಯ್ರೆ" ಎಂದು ಗೊಣಗಿ, ಚೀಟಿ ಹಿಡಿದು ತಾನೇ ಮ್ಯಾನೇಜರನ ಬಳಿಗೆ ಹೋದ. ಇನ್ನೊಂದು ಪರೀಕ್ಷೆಯವರೆಗೆ ಅವಧಿ ಸಿಕ್ಕಿತು. ಆ ಪರೀಕ್ಷೆಯ ಹೊತ್ತಿಗೆ ಮಗಳ ಸಮವಸ್ತ್ರ ಸೊಂಟಕ್ಕೆ ಬಿಗಿಯಾಗತೊಡಗಿತ್ತು. ಬ್ರೆಡ್ಡು ಕಂಪನಿಯ ಲೆಕ್ಕದಲ್ಲಿ ಮದ್ದಾಯಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ಕಷ್ಟವಾಯಿತು. "ನನ್ನ ಇಂಗಿನಿಂದ ಮಗುವಿಗೆ ಕೇಡಾ? ನೀನು ಬೆಳೆದದ್ದು ಎಂತದರಲ್ಲಿ?" ಎಂದು ಫೋನಿಟ್ಟರು. ಆಮೇಲೆ ಇಂಗು ಬರಲಿಲ್ಲ. ಹಪ್ಪಳವೂ ಬರಲಿಲ್ಲ.

ಮುಂದಿನ ರಜೆಯಲ್ಲಿ ಮಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸಿನವನು ನಮ್ಮ ಪೆಟ್ಟಿಗೆ ತೆರೆಸಿದ. ಅರ್ಧ ಪೆಟ್ಟಿಗೆ ಬ್ರೆಡ್ಡು.

"ಗಲ್ಫಿಂದ ಚಿನ್ನ ತರುದು ನೋಡಿದ್ದೇನೆ. ಬ್ರೆಡ್ಡು ತರುದು ಇದೇ ಮೊದಲು. ನಮ್ಮಲ್ಲಿ ಬೇಕರಿ ಇಲ್ವಾ?"

"ಮದ್ದು ಸರ್. ಡಾಕ್ಟರ ಚೀಟಿ ಉಂಟು" ಎಂದು ಮುಂದೆ ಹಿಡಿದೆ.

ಅವನು ಮಗಳತ್ತ ಬಗ್ಗಿದ. "ಅಜ್ಜಿ ಮಾಡಿದ್ದು ತಿನ್ನುದಿಲ್ವಾ ಮಗಳೇ?"

ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು. "ತಿನ್ತೇನೆ. ಮೊದಲು ಡಬ್ಬಿ ಓದ್ತೇನೆ."

ನಾನು ಬ್ರೆಡ್ಡನ್ನು ಮತ್ತೆ ಜೋಡಿಸಿ ಪೆಟ್ಟಿಗೆ ಮುಚ್ಚಿದೆ. ಕುವೈತಿನಲ್ಲಿ ಇರಲು ಇಕಾಮಾ ಬೇಕು, ವಾಸಕ್ಕೆ ಅವರು ಕೊಡುವ ಪರವಾನಗಿ. ನನ್ನದೇ ಊರಿನಲ್ಲಿ ಮಗಳು ಉಣ್ಣಲು ಕುವೈತಿನ ಚೀಟಿ ಬೇಕು. ಇರಲಿ. ಎರಡೂ ನನ್ನ ಕಿಸೆಯಲ್ಲೇ ಇವೆ.