ಹೊಳೆಗಿಳಿಯುವವರಿಗೆ ಬಟ್ಟೆ ಹೊಲಿಯುವ ಮಲ್ಲಾಜಮ್ಮ

ನಂಜನಗೂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಪಿಲೆಯ ಮೇಲೆ ತೆಳ್ಳಗೆ ಮಂಜು ಹಬ್ಬಿದೆ. ಸ್ನಾನಘಟ್ಟದಿಂದ ತುಸು ಆಚೆ, ನೀರು ನಿಧಾನವಾಗಿ ಹರಿಯುವ ಕಡೆ, ದರ್ಜಿ ಮಲ್ಲಾಜಮ್ಮ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಕೊರಳಲ್ಲಿ ಅಳತೆಯ ಟೇಪು, ತುಟಿಯ ನಡುವೆ ಎರಡು ಪಿನ್ನು. ಎದುರಿಗೆ ಎದೆಮಟ್ಟದ ನೀರಿನಲ್ಲಿ ಹೊಸ ಈಜುಡುಗೆ ತೊಟ್ಟು ನಿಂತವಳು ಹೆಡತಲೆ ಊರಿನ ಸೊಸೆ ಮಧುಶ್ರೀ.

ಪಿನ್ನು ತೆಗೆದು ಮಲ್ಲಾಜಮ್ಮ ಕೇಳುತ್ತಾರೆ: “ಒಂದ್ಸಲ ಮುಳುಗಿ ಏಳವ್ವ. ಕೈ ಮೇಲಕ್ಕೆತ್ತು. ಕಂಕುಳಲ್ಲಿ ಬಿಗೀತದಾ?”

“ಇಲ್ಲ ಅಕ್ಕ, ಸಲೀಸಾಗೇ ಅದೆ.”

“ಹಂಗಾದ್ರೆ ಕಾಲು ಬಡಿ, ನೋಡಾನ.”

ಮಧುಶ್ರೀ ಕಾಲು ಬಡಿಯುವ ರಭಸಕ್ಕೆ ಮಲ್ಲಾಜಮ್ಮನ ಸೀರೆ ತೊಯ್ದು ತೊಪ್ಪೆಯಾಗುತ್ತದೆ. ಸುತ್ತಲಿದ್ದ ಹೆಂಗಸರಿಗೆ ನಗುವೋ ನಗು.

ಹೆಮ್ಮರಗಾಲದಲ್ಲಿ ಹುಟ್ಟಿ ನಂಜನಗೂಡಿಗೆ ಮದುವೆಯಾಗಿ ಬಂದ ಮಲ್ಲಾಜಮ್ಮ ಬಹುಕಾಲ ಹೊಲಿದದ್ದು ರವಿಕೆ, ಲಂಗ, ಸ್ಕೂಲ್ ಯೂನಿಫಾರಂ. ನೀರೆಂದರೆ ಅವರಿಗೆ ಭಯ. ಹೊಳೆಯ ದಡಕ್ಕೆ ಬರುತ್ತಿದ್ದದ್ದು ಬಟ್ಟೆ ಒಗೆಯಲಷ್ಟೇ. ಟಿ. ನರಸೀಪುರದ ಮೀನುಗಾರರ ಮನೆಯ ಮಗಳು ಮುತ್ತಮ್ಮ ಅದೇ ದಡದಲ್ಲಿ ಹೆಂಗಸರಿಗೆ ಈಜು ಕಲಿಸಲು ಶುರುಮಾಡಿದಾಗಲೂ ಇವರು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಬಿಂದುಶ್ರೀ ನೈಟಿಯಲ್ಲೇ ನೀರಿಗಿಳಿದಳು. ನೈಟಿಯೊಳಗೆ ಗಾಳಿ ತುಂಬಿ, ಬುಗ್ಗೆಯಂತೆ ಉಬ್ಬಿ, ಸೊಂಟದ ಮೇಲಕ್ಕೆ ಬಂತು. ದಡದಲ್ಲಿ ಗಂಡಸರಿದ್ದರು. ನಾಚಿಕೊಂಡ ಬಿಂದುಶ್ರೀ ಈಜುವುದು ಬಿಟ್ಟು ಎರಡೂ ಕೈಯಲ್ಲಿ ಬಟ್ಟೆಯನ್ನು ಕೆಳಕ್ಕೆಳೆಯತೊಡಗಿದಳು. ಮರುಕ್ಷಣ ಮುಳುಗಿದಳು. ಮುತ್ತಮ್ಮ ಜಡೆ ಹಿಡಿದು ಎಳೆದು ತರದಿದ್ದರೆ ಉಳಿಯುತ್ತಿರಲಿಲ್ಲ. ದಡದಲ್ಲಿ ನೀರು ಕಕ್ಕುತ್ತಲೇ ಬಿಂದುಶ್ರೀ ಅಂದಳಂತೆ: “ಮಾನ ಉಳಿಸ್ಕೊಳಕ್ಕೋಗಿ ಜೀವಾನೇ ಕೊಡ್ತಿದ್ದೆ ಕಣಕ್ಕ.”

ಆ ಮಾತು ಮಲ್ಲಾಜಮ್ಮನ ಎದೆಗೆ ನಾಟಿತು. ಮೈಸೂರಿನ ಅಂಗಡಿಯಿಂದ ಒಂದು ಈಜುಡುಗೆ ತರಿಸಿ ಹೆಂಗಸರ ಮುಂದೆ ಬಿಡಿಸಿ ಹಿಡಿದರು. ತೊಡೆಯೂ ಬೆನ್ನೂ ಬಯಲಾಗಿದ್ದ ಆ ಬಟ್ಟೆಯನ್ನು ನೋಡಿ ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ತೊಡಲು ಮಾತ್ರ ಒಬ್ಬರೂ ಒಪ್ಪಲಿಲ್ಲ.

ದಾರಿ ತೋರಿಸಿದವರು ಅತ್ತೆ ಚನ್ನಾಜಮ್ಮ. ಮೂಗೂರಿನ ತೋಟದ ಬಾವಿಯಲ್ಲಿ ಈಜಾಡಿ ಬೆಳೆದ ಜೀವ ಅದು. “ನಾವು ಸೀರೇನ ಗಂಡುಗಚ್ಚೆ ಆಕ್ಕೊಂಡು ಧುಮುಕ್ತಿದ್ದೋ. ಮೊಣಕಾಲು ಕಾಣ್ತದೆ ಅಂತ ಯಾರೂ ಅಂತಿರ್ಲಿಲ್ಲ. ಆಮೇಲೆ ಲಂಗಾನ ಎದೆಗಂಟ ಕಟ್ಕೊಂಡ್ರು, ಆಮೇಲೆ ನೈಟಿ ಬಂತು. ಬಟ್ಟೆ ಉದ್ದ ಆದಂಗೆಲ್ಲ ನಾಚ್ಕೇನೂ ಉದ್ದ ಆಯ್ತು ನೋಡವ್ವ,” ಎಂದ ಅತ್ತೆ, ಸೀರೆ ಉಟ್ಟು ಕಚ್ಚೆ ಹಾಕಿ ತೋರಿಸಿಯೇಬಿಟ್ಟರು.

ಆ ಕಚ್ಚೆಯೇ ಮಲ್ಲಾಜಮ್ಮನಿಗೆ ಮಾದರಿಯಾಯಿತು. ಮೊಣಕಾಲು ಮುಚ್ಚುವ ಚಡ್ಡಿ, ಅದರ ಮೇಲೊಂದು ಗಿಡ್ಡ ಲಂಗ, ತೋಳಿನ ಅಂಗಿ. ಅಂಗಿ ಮೇಲೇಳದಂತೆ ಸೊಂಟದಲ್ಲಿ ಚಡ್ಡಿಗೇ ಸೇರಿಸಿ ಹೊಲಿಗೆ. ಮೊದಲು ಕಾಟನ್ನಿನಲ್ಲಿ ಹೊಲಿದದ್ದು ನೀರು ಕುಡಿದು ಮಣಭಾರವಾಯಿತು. ಮುಂದಿನದರ ಬಣ್ಣ ಬಿಟ್ಟು, ತೊಟ್ಟಿದ್ದ ಮುತ್ತಮ್ಮ ವಾರವೆಲ್ಲ ನೀಲಿಯಾಗಿ ಓಡಾಡಿದರು. ಕೊನೆಗೆ ಗಂಡ ಮಹದೇವ ಆಟಗಾರರ ಜರ್ಸಿಯ ಬಟ್ಟೆ ತಂದುಕೊಟ್ಟರು. ಹಿಗ್ಗುವ ಆ ಬಟ್ಟೆಗೆ ಸೂಜಿ ಬದಲಿಸಿದ ಮೇಲೆ ಹೊಲಿಗೆ ಬಿಚ್ಚದೆ ನಿಂತಿತು.

ಮಲ್ಲಾಜಮ್ಮನ ಹೊಲಿಗೆ ಅಂಗಡಿಯ ಎದುರು ದಿನಸಿ ಅಂಗಡಿ ಇಟ್ಟಿದ್ದ ನಂಜುಂಡೇಶ್‌ಗೆ ಇದು ಹಿಡಿಸಲಿಲ್ಲ. “ಮರ್ಯಾದಸ್ಥರ ಬೀದೀಲಿ ಸರ್ಕಸ್ ಬಟ್ಟೆ ಹೊಲೀತಾವ್ರೆ” ಎಂದು ಬಂದವರಿಗೆಲ್ಲ ಹೇಳಿದರು. ರವಿಕೆಗೆ ಕೊಟ್ಟಿದ್ದ ಬಟ್ಟೆಯನ್ನು ಹಲವರು ಹೊಲಿಸದೆ ವಾಪಸ್ ಒಯ್ದರು. ಮಷೀನು ಸುಮ್ಮನೆ ನಿಂತ ಆ ದಿನಗಳಲ್ಲಿ ಮಲ್ಲಾಜಮ್ಮ ಅತ್ತದ್ದೂ ಉಂಟು. ಆದರೂ ಬೆಳಗಾದರೆ ಹೊಳೆಯ ದಡಕ್ಕೆ ಹೋಗುವುದನ್ನು ಬಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ನಂಜುಂಡೇಶ್ ಮಗಳ ಕೈ ಹಿಡಿದು ಹೊಲಿಗೆ ಅಂಗಡಿಯ ಬಾಗಿಲಿಗೆ ಬಂದರು. ದನಿ ತಗ್ಗಿಸಿ ಹೇಳಿದರು: “ಮಗು ಈಜು ಕಲೀಬೇಕು ಅಂತ ಊಟ ಬಿಟ್ಟವ್ಳೆ ಕಣಕ್ಕ. ಅಳತೆ ತಗೊಳಿ. ತೋಳು ಒಂಚೂರು ಉದ್ದ ಇರ್ಲಿ.”

ಮಲ್ಲಾಜಮ್ಮ ಟೇಪು ಬಿಚ್ಚಿದರು. “ತೋಳು ಉದ್ದ ಕೇಳಿದ್ರೆ ಉದ್ದ, ಗಿಡ್ಡ ಕೇಳಿದ್ರೆ ಗಿಡ್ಡ. ಮೈ ಅವರದು, ನಾಚ್ಕೆ ಅವರದು. ಮುಳುಗಬಾರ್ದು, ಅಷ್ಟೇಯ,” ಎನ್ನುತ್ತಾರೆ ಈಗ.

ಹೋದ ಬೇಸಿಗೆಯಲ್ಲಿ ಹೆಂಗಸರೆಲ್ಲ ಸೇರಿ ಹಟ ಹಿಡಿದರು: ಹೊಲಿಯುವವರು ನೀರಿಗೆ ಇಳಿಯದಿದ್ದರೆ ಹೇಗೆ? ಮಲ್ಲಾಜಮ್ಮ ತಮಗೂ ಒಂದು ಹೊಲಿದುಕೊಂಡರು, ಕಡು ಹಸಿರಿನದು. ಮುತ್ತಮ್ಮನ ಅಂಗೈ ಬೆನ್ನ ಕೆಳಗಿದೆ ಎಂಬ ಧೈರ್ಯದಲ್ಲಿ ಕಣ್ಣುಮುಚ್ಚಿ ಮಲಗಿದವರು, ಆ ಕೈ ಯಾವಾಗಲೋ ಸರಿದಿತ್ತೆಂದು ತಿಳಿದಾಗ ಆಗಲೇ ತೇಲುತ್ತಿದ್ದರು. ದಡದಲ್ಲಿ ಚನ್ನಾಜಮ್ಮ ಚಪ್ಪಾಳೆ ತಟ್ಟುತ್ತಿದ್ದರು.

ಇವತ್ತು ಮಧುಶ್ರೀಯ ಬಟ್ಟೆಯ ಪರೀಕ್ಷೆ ಮುಗಿದಿದೆ. ಬಿಸಿಲು ನೀರಿಗೆ ಇಳಿಯುತ್ತಿದೆ. ತೊಯ್ದ ಸೀರೆ ಬದಲಿಸಿ ಹಸಿರು ಈಜುಡುಗೆ ತೊಟ್ಟ ಮಲ್ಲಾಜಮ್ಮ ಸೊಂಟಮಟ್ಟದ ನೀರಿನಲ್ಲಿ ನಿಂತು ಆಚೆ ದಡವನ್ನೇ ನೋಡುತ್ತಿದ್ದಾರೆ.

“ಆ ಹೊಂಗೆಮರ ಕಾಣ್ತದಲ್ಲ, ಅದರ ನೆಳ್ಳಲ್ಲಿ ಒಂದು ಗಳಿಗೆ ಕೂತು ನಮ್ಮೂರ ನೋಡ್ಬೇಕು ಅಂತ ಆಸೆ. ಸೇತುವೆ ಮೇಲೆ ಹೋದ್ರೆ ಸುಲಭ. ಆದ್ರೆ ನಂಗೆ ಈಜ್ಕೊಂಡೇ ಹೋಗ್ಬೇಕು.”